ಮೂರು ಸೆಕೆಂಡಿನ ಕನ್ನಡಿ ದೀಪ

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದ್ದು ಸಂಜೆ ಶಾಲೆಯಲ್ಲಿ. ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚಿ, ಐದೂವರೆಗೆ ಹೋಗಿ ಕೂತು ಕಲಿತದ್ದು ಒಂದಿಷ್ಟು ವಿದ್ಯುತ್ತು, ಒಂದಿಷ್ಟು ಕನ್ನಡ. ಆದ್ದರಿಂದ ಇದರಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಆ ತಪ್ಪು ನನ್ನದು, ಶಾಲೆಯದಲ್ಲ. ‘ತಪ್ಪು ನನ್ನದು’ ಎಂಬ ಎರಡು ಮಾತನ್ನು ಇಷ್ಟು ಸಲೀಸಾಗಿ ಬರೆಯುವುದಕ್ಕೆ ನನಗೆ ಹದಿನೇಳು ವರ್ಷ ಹಿಡಿಯಿತು.

ನಮ್ಮ ಊರಿನಲ್ಲಿ ಮೈಮೇಲೆ ದೀಪ ಬಿದ್ದವರು ನಿಜ ಹೇಳುತ್ತಾರೆ. ಸಭಾಭವನದ ದೀಪ ಮಾತ್ರ. ಮನೆಯ ಬಲ್ಬಿಗೆ, ಬೀದಿ ಕಂಬಕ್ಕೆ, ಸೂರ್ಯನಿಗೆ ಆ ಶಕ್ತಿ ಇಲ್ಲ. ಹೀಗಾಗಿ ಸಭಾಭವನದ ದೀಪದ ಕೆಳಗೆ ಆಡದ ಮಾತು ನಡಾವಳಿ ಪುಸ್ತಕಕ್ಕೆ ಏರುವುದಿಲ್ಲ. ಪುಸ್ತಕಕ್ಕೆ ಏರದ ಮಾತು ಆಡಿದರೂ ಒಂದೇ, ಬಿಟ್ಟರೂ ಒಂದೇ. ಮದುವೆಯ ಒಪ್ಪಿಗೆ, ಮನೆ ಪಾಲು, ಶಾಲೆಯ ವಾರ್ಷಿಕೋತ್ಸವ, ಸತ್ತವರಿಗೆ ಸಂತಾಪ, ಎಲ್ಲ ನಡೆಯುವುದು ಆ ಕಿಟಕಿಯಿಲ್ಲದ ಕಲ್ಲಿನ ಕಟ್ಟಡದಲ್ಲೇ. ಇನ್ನೊಂದು ಕಟ್ಟಳೆಯೂ ಇದೆ. ಬೆಳಕು ತಾನಾಗಿ ಬಿಟ್ಟು ಹೋಗುವ ತನಕ ಅದರಿಂದ ಆಚೆ ಕಾಲಿಡುವಂತಿಲ್ಲ. ಕಾಲಿಟ್ಟವರ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಆ ಮನೆಯಿಂದ ತರುವುದೂ ಇಲ್ಲ. ಇಂಥ ಊರಿನಲ್ಲಿ ಜನ ಬದುಕುವುದು ಹೇಗೆ ಎಂದು ನೀವು ಕೇಳಬಹುದು. ಕನ್ನಡಿ ದೀಪಗಳಿದ್ದ ಕಾಲದಲ್ಲಿ ಬಹಳ ಸುಖವಾಗಿಯೇ ಬದುಕಿದ್ದರು.

ಆ ದೀಪಗಳು ನಾಲ್ಕಿದ್ದವು. ತಂದ ಪೆಟ್ಟಿಗೆಯ ಮೇಲೆ ಸ್ಕ್ಯಾನರ್ ಎಂದು ಅಚ್ಚಾಗಿತ್ತು, ಊರವರು ಕನ್ನಡಿ ದೀಪ ಎಂದರು. ಟ್ರಂಕಿನಷ್ಟು ಉದ್ದದ ಕಬ್ಬಿಣದ ಡಬ್ಬ, ಅದರ ಹೊಟ್ಟೆಯಲ್ಲಿ ಕೆಂಡದಂಥ ಬಲ್ಬು, ಬಣ್ಣದ ಗಾಜುಗಳ ಒಂದು ಚಕ್ರ, ನಕ್ಷತ್ರ ಹೂವು ಕೊರೆದ ತಗಡಿನ ಇನ್ನೊಂದು ಚಕ್ರ. ಡಬ್ಬ ಅಲುಗಾಡುವುದಿಲ್ಲ. ಅದರ ಮೂತಿಯಿಂದ ಮುಂದಕ್ಕೆ ಚಾಚಿದ ಒಂದು ಕೈ, ಕೈಯ ತುದಿಗೆ ಅಂಗೈಯಗಲದ ಕನ್ನಡಿ. ಒಳಗಿನ ಬೆಳಕು ಕನ್ನಡಿಗೆ ಬಡಿದು ಸಭೆಗೆ ಹಾರುತ್ತಿತ್ತು. ಕನ್ನಡಿ ಕೂದಲೆಳೆಯಷ್ಟು ಹೊರಳಿದರೆ ಸಾಕು, ಈ ಮೂಲೆಯಲ್ಲಿದ್ದ ಬೆಳಕು ಆ ಮೂಲೆಯಲ್ಲಿ. ನಡುವೆ ಎಲ್ಲಿತ್ತು ಎಂದು ಯಾರೂ ಕಂಡವರಿಲ್ಲ. ಭಾರದ್ದೆಲ್ಲ ಸುಮ್ಮನೆ ಕೂತಿರುತ್ತದೆ, ಹಗುರದ್ದೊಂದು ಓಡಾಡಿ ಕೆಲಸ ಮಾಡುತ್ತದೆ. ನಮ್ಮ ಪುರಸಭೆಯೂ ಹಾಗೆಯೇ ಇದ್ದುದರಿಂದ ಜನಕ್ಕೆ ಆ ದೀಪ ಬೇಗ ಒಗ್ಗಿತು. ಹೊರಳುವಾಗ ಟಿಕ್ ಟಿಕ್ ಎಂದು ಸದ್ದು, ಬಿಸಿಗೆ ಸುಟ್ಟ ಧೂಳಿನ ವಾಸನೆ. ನನಗೆ ಈಗಲೂ ಇಸ್ತ್ರಿ ಪೆಟ್ಟಿಗೆಯಿಂದ ಆ ವಾಸನೆ ಬಂದರೆ ಎದೆ ಒಂದು ಸಲ ಹೊರಳುತ್ತದೆ.

ದೀಪ ಒಬ್ಬರ ಮೇಲೆ ಮೂರು ಸೆಕೆಂಡು ನಿಲ್ಲುತ್ತಿತ್ತು, ಅಷ್ಟೆ. ಎಲ್ಲರಿಗೂ ಸಮಪಾಲು ಬೆಳಕು ಎಂಬುದು ಅದಕ್ಕೆ ಕೊಟ್ಟ ಕಾರಣ. ಮೂರು ಸೆಕೆಂಡಿನಲ್ಲಿ ಹೊರಬರುವಷ್ಟು ನಿಜ ಯಾವ ಊರಿಗೂ ಭಾರವಲ್ಲ. “ಈ ಸಂಬಂಧ ನನಗೆ ಒಪ್ಪಿಗೆ” ಎನ್ನುವಷ್ಟಕ್ಕೆ ಬೆಳಕು ಹೋಗಿರುತ್ತಿತ್ತು, “ಆದರೆ” ಎಂಬುದು ಕತ್ತಲೆಯಲ್ಲಿ ಉಳಿಯುತ್ತಿತ್ತು. ನಮ್ಮೂರಿನ ಸಂಸಾರಗಳೆಲ್ಲ ಆ ಆದರೆಯ ಈಚೆ ದಡದಲ್ಲಿ ನಡೆದವು.

ದೀಪಗಳನ್ನು ಆಡಿಸುತ್ತಿದ್ದವರು ಭರಮಣ್ಣ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಲೈಟಿನ ಮೇಷ್ಟ್ರು. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಅವರ ಕೈಕೆಳಗೆ ಸೇರಿದೆ. “ಕುಮುದಮ್ಮ, ಕನ್ನಡೀನ ಮುಟ್ಟೋವಾಗ ಉಸಿರು ಬಿಡಬೇಡ, ಮಬ್ಬಾಗ್ತದೆ” ಎನ್ನುತ್ತಿದ್ದರು. ನಾನು ಉಸಿರು ಕಟ್ಟಿಯೇ ಒರೆಸುತ್ತಿದ್ದೆ. ಹೇಳಿದ್ದಕ್ಕಿಂತ ಒಂದು ಪಾಲು ಹೆಚ್ಚು ಮಾಡುವುದು ನನ್ನ ಗುಣ. ಅದೇ ಮುಳುವಾಯಿತು.

ಹದಿನೇಳು ವರ್ಷದ ಹಿಂದಿನ ಮಾಗಿಯಲ್ಲಿ ಊರಿಗೆ ಹೊಸ ನೀರಿನ ಟ್ಯಾಂಕು ಬಂತು. ಮರುದಿನ ಬೆಳಿಗ್ಗೆ ಸಭೆ, ಪುರಸಭೆಯ ಅಧ್ಯಕ್ಷ ಪಂಪಾಪತಿಗಳ ಭಾಷಣ. ಸಂಜೆ ಶಾಲೆಯ ಪುಸ್ತಕದಲ್ಲಿ ‘ತಿರುಗುವ ಭಾಗಗಳಿಗೆ ತೆಳು ಎಣ್ಣೆ ಒಂದು ಹನಿ’ ಎಂದಿತ್ತು. ಮೇಷ್ಟ್ರು ಊಟಕ್ಕೆ ಹೋಗಿದ್ದರು, ಅಂಗಡಿಗೆ ಬಾಗಿಲು ಹಾಕಿತ್ತು. ನನ್ನ ಚೀಲದಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪುಟ್ಟ ಸೀಸೆ ಇತ್ತು. ಆಗ ಅದು ನೀರಿನಷ್ಟು ತೆಳ್ಳಗೇ ಇತ್ತು. ಒಂದನೇ ನಂಬರಿನ ದೀಪದ ಕನ್ನಡಿಯ ಕೀಲಿಗೆ ಒಂದಲ್ಲ, ಮೂರು ಹನಿ ಬಿಟ್ಟೆ.

ಮರುದಿನ ಬೆಳಿಗ್ಗೆ ಪಂಪಾಪತಿಗಳು ವೇದಿಕೆಯ ನಡುವೆ ನಿಂತರು. ದೀಪ ಬಿತ್ತು. “ಈ ಟ್ಯಾಂಕು ನಮ್ಮೂರಿನ ಹೆಮ್ಮೆ” ಎಂದರು. ಮೂರು ಸೆಕೆಂಡಾಯಿತು, ಕನ್ನಡಿ ಹೊರಳಲಿಲ್ಲ. ಮೇಷ್ಟ್ರು ಗುಂಡಿ ಒತ್ತಿದರು, ಮತ್ತೆ ಒತ್ತಿದರು. “ನೋಡೋಕೆ ಮಾತ್ರ” ಎಂದು ಪಂಪಾಪತಿಗಳ ಬಾಯಿ ಮುಂದುವರಿಯಿತು. “ಒಳಗೆ ನೀರಿಲ್ಲ, ಬರೋದೂ ಇಲ್ಲ. ಪೈಪು ಹಾಕಿಸೋದು ಮರೆತಿದ್ದೀವಿ. ಏಣಿಗೆ ಮಾತ್ರ ಎರಡು ಸಲ ಬಣ್ಣ ಹೊಡೆಸಿದ್ದೀವಿ.” ಮೇಷ್ಟ್ರು ಓಡಿಹೋಗಿ ದೀಪವನ್ನೇ ನಂದಿಸುವ ತನಕ ಒಟ್ಟು ಹನ್ನೊಂದು ಸೆಕೆಂಡು. ನಡಾವಳಿ ಬರೆಯುವ ಗುಮಾಸ್ತ ಹಾಲೇಶಿ, ಬೆಳಕಿನಲ್ಲಿ ಆಡಿದ್ದನ್ನು ಬರೆಯದೆ ಬಿಡುವಂತಿಲ್ಲವಾದ್ದರಿಂದ, ಏಣಿಯ ಬಣ್ಣವನ್ನೂ ಬರೆದುಕೊಂಡ.

ಮಧ್ಯಾಹ್ನ ತಪಾಸಣೆ ಮಾಡಿದರೆ ಕನ್ನಡಿ ಏನೂ ಆಗದಂತೆ ಟಿಕ್ ಟಿಕ್ ಎಂದು ಕುಣಿಯಿತು. ಡಬ್ಬದ ಕಾವು ಅಷ್ಟು ಹೊತ್ತಿಗೆ ಕೀಲಿನ ತನಕ ಹಬ್ಬಿತ್ತು. ಕಾರಣ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ತಲೆಗೆ ಹಚ್ಚಿಕೊಳ್ಳಲು ಸೀಸೆ ಬಗ್ಗಿಸಿದಾಗ. ಎಣ್ಣೆ ಬೀಳಲಿಲ್ಲ. ಚಳಿಗೆ ಬೆಣ್ಣೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

ವಿಚಾರಣೆ ನಡೆಯಿತು. ನಾನು ಸಾಕ್ಷಿ, ದೀಪ ಹಾಕಲು ಊರಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಬಾರದ ಕಾರಣ ಆರೋಪಿಯಾದ ಮೇಷ್ಟ್ರೇ ದೀಪ ಹಾಕಬೇಕಾಯಿತು. ಅವರು ಬೆಳಕನ್ನು ಮೊದಲು ತಮ್ಮ ಮೇಲೆ ತಂದುಕೊಂಡು, “ದೀಪ ನನ್ನ ಸುಪರ್ದಿನಲ್ಲಿತ್ತು” ಎಂದರು. ನಿಜವೇ. ಮೂರು ಸೆಕೆಂಡಾಯಿತು. ಆಮೇಲೆ ಬೆಳಕು ನನ್ನ ಮೇಲೆ ಬಿತ್ತು. “ಹಿಂದಿನ ದಿನ ಕನ್ನಡಿ ಒರೆಸಿದ್ದು ನಾನು, ಒರೆಸಿ...” ಎನ್ನುವಷ್ಟರಲ್ಲಿ ಬೆಳಕು ಹೋಯಿತು. ನಾನು ಎಣಿಸಿದ್ದೆ, ಎರಡು ಸೆಕೆಂಡೂ ಆಗಿರಲಿಲ್ಲ. ಕತ್ತಲಾದೊಡನೆ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅದನ್ನು ತೆರೆಯುವುದು ನನ್ನ ಕೈಯಲ್ಲೇ ಇತ್ತು. ನಾನು ತೆರೆಯಲಿಲ್ಲ. ಭರಮಣ್ಣನು ಸಭಾಭವನದ ದೀಪಗಳಿಗೆ ಹತ್ತು ಮಾರಿಗಿಂತ ಹತ್ತಿರ ಬರತಕ್ಕದ್ದಲ್ಲ ಎಂದು ಹಾಲೇಶಿ ಬರೆದ. ಬೀಗದ ಕೈಗಳು ನನಗೆ ಬಂದವು.

ಹತ್ತು ಮಾರು ಎಂದರೆ ಬಾಗಿಲಿನಿಂದ ಹೊರಗೆ ಬೇವಿನ ಮರದ ಬುಡ. ಅವರ ಮಗಳು ಗಂಗಾಂಬಿಕೆಯ ಧಾರೆ ಒಳಗೆ ನಡೆಯುವಾಗ ಮೇಷ್ಟ್ರು ಆ ಬುಡದಲ್ಲಿ ನಿಂತಿದ್ದರು. ವಾದ್ಯ ಏರಿದಾಗ ಅಲ್ಲಿಂದಲೇ ಅಕ್ಷತೆ ಎಸೆದರು. ಅಕ್ಷತೆ ಹತ್ತು ಮಾರು ಹೋಗುವುದಿಲ್ಲ. ತೆರೆದ ಬಾಗಿಲಿನಿಂದ ನಾನು ಅದನ್ನು ನೋಡಿದೆ, ನೋಡಿಕೊಂಡೇ ವಧುವಿನ ಮೇಲೆ ಗುಲಾಬಿ ಬಣ್ಣ ಹಾಕಿದೆ.

ನಿಂತುಬಿಡುವ ದೀಪಗಳ ಮೇಲೆ ವಿಶ್ವಾಸ ಹೋಯಿತೆಂದು ಪುರಸಭೆ ಮಾರನೇ ವರ್ಷ ಹೊಸ ದೀಪ ತರಿಸಿತು. ಇವುಗಳಿಗೆ ಕನ್ನಡಿ ಇಲ್ಲ, ಇಡೀ ತಲೆಯೇ ತಿರುಗುತ್ತದೆ. ಜನ ಗೋಣು ದೀಪ ಎಂದರು. ಸದ್ದಿಲ್ಲ, ವಾಸನೆಯಿಲ್ಲ, ಜಿಗಿತವಿಲ್ಲ. ಮನುಷ್ಯ ವೇದಿಕೆ ಹತ್ತಿದ ಕ್ಷಣದಿಂದ ಇಳಿಯುವ ತನಕ ಗೋಣು ತಿರುಗಿಸುತ್ತಾ ಬೆನ್ನು ಹತ್ತುತ್ತವೆ, ಸೊಸೆಯನ್ನು ಅತ್ತೆ ನೋಡಿದ ಹಾಗೆ. ಮೂರು ಸೆಕೆಂಡಿನ ಮಾತೇ ಇಲ್ಲ.

ಮೊದಲ ವರ್ಷ ಊರು ಬಹಳ ಕಷ್ಟಪಟ್ಟಿತು. ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ತರರು ಬಹುಮಾನ ಕೊಡುತ್ತಾ, “ಇದಕ್ಕೆ ಯೋಗ್ಯರಾದವರು ಇಬ್ಬರಿದ್ದರು, ಇವನು ಆ ಇಬ್ಬರಲ್ಲಿ ಇಲ್ಲ” ಎಂದರು. ಸಂತಾಪ ಸಭೆಯಲ್ಲಿ ಸತ್ತವರ ಭಾವಮೈದುನ, “ನನ್ನ ಕೊಡೆ ಒಯ್ದವರು ವಾಪಸು ಕೊಡಲಿಲ್ಲ. ಸುದ್ದಿ ಕೇಳಿದಾಗ ಮೊದಲು ನೆನಪಾದದ್ದು ಕೊಡೆ” ಎಂದು ಅತ್ತರು. ಅಳು ನಿಜವಾದದ್ದೇ. ಒಬ್ಬ ಮದುಮಗ ಒಪ್ಪಿಗೆ ಎಂದವನು ಬೆಳಕು ಬಿಡದ್ದರಿಂದ, “ಇವಳ ಅಕ್ಕನನ್ನು ತೋರಿಸಿದ್ದರೆ ಇನ್ನೂ ಒಪ್ಪಿಗೆ” ಎಂದ. ಕ್ರಮೇಣ ಜನ ಹೊಂದಿಕೊಂಡರು. ವಧೂವರರು ಹೂಂ ಎಂದ ತಕ್ಷಣ ಸೋದರಮಾವ ಬಾಯಿಗೆ ಹೋಳಿಗೆ ತುರುಕುವ ಶಾಸ್ತ್ರ ಹುಟ್ಟಿತು. ಈಗ ಪುರೋಹಿತರು ಅದಕ್ಕೆ ಮಂತ್ರವನ್ನೂ ಹೇಳುತ್ತಾರೆ. ಗಣ್ಯರಿಗೆಲ್ಲ ಸಭೆಯ ದಿನ ಗಂಟಲು ಕಟ್ಟತೊಡಗಿತು. ನಮ್ಮ ಭಾಷೆ ಬಾರದ ದೂರದ ಊರಿನ ವ್ಯಾಪಾರಿಯೊಬ್ಬರು ಮೂರು ವರ್ಷದಲ್ಲಿ ನಲವತ್ತು ಸಭೆಗಳಿಗೆ ಮುಖ್ಯ ಅತಿಥಿಯಾದರು. ಅವರು ಬೆಳಕಿನಲ್ಲಿ ಏನೇನು ಹೇಳಿದರೋ, ನಾವು ಚಪ್ಪಾಳೆ ತಟ್ಟಿದೆವು.

ಈ ಹದಿನಾರು ವರ್ಷ ಗೋಣು ದೀಪಗಳನ್ನು ಆಡಿಸಿದವಳು ನಾನೇ. ದೀಪ ಹಿಡಿದವರ ಮೇಲೆ ದೀಪ ತಾನಾಗಿ ಬೀಳುವುದಿಲ್ಲ. ಒಂದು ಗುಂಡಿ ಒತ್ತಿ ನನ್ನ ಮೇಲೆ ತಿರುಗಿಸಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಪ್ರತಿ ಯುಗಾದಿಗೆ ಈ ವರ್ಷ ಎಂದುಕೊಳ್ಳುತ್ತಿದ್ದೆ.

ಹೀಗಿರುವಾಗ ಊರಿಗೆ ಹಳೆಯ ದೀಪಗಳ ನೆನಪು ಶುರುವಾಯಿತು. ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. “ಆ ಟಿಕ್ ಟಿಕ್ ಕೇಳ್ದಿದ್ರೆ ಮದ್ವೆ ಮನೆ ಅನ್ಸಲ್ಲಪ್ಪ.” “ಹೌದೌದು, ಆ ನಕ್ಷತ್ರ ಗೋಡೆ ಮೇಲೆ ಓಡೋದೇನು, ಆಹಾ!” ಯಾರೊಬ್ಬರೂ ಮೂರು ಸೆಕೆಂಡಿನ ಸುದ್ದಿ ಎತ್ತಲಿಲ್ಲ. ಕನ್ನಡಿ ದೀಪ ಪುನರುಜ್ಜೀವನ ಸಮಿತಿ ಹುಟ್ಟಿತು. ಅಧ್ಯಕ್ಷರು ಪಂಪಾಪತಿಗಳೇ. ಟ್ಯಾಂಕಿನ ಸಂಗತಿಯಾದ ಮೇಲೂ ಜನ ಅವರನ್ನು ಆರಿಸುತ್ತಲೇ ಬಂದಿದ್ದರು; ಏಣಿಗೆ ಬಣ್ಣ ಹೊಡೆಸಿದ್ದಂತೂ ನಿಜವಾಗಿತ್ತಲ್ಲ. ಸಮಿತಿಯ ಸಭೆಯನ್ನು ಗಾಳಿ ಚೆನ್ನಾಗಿದೆ ಎಂಬ ಕಾರಣಕ್ಕೆ ಹಗಲು ಹನ್ನೊಂದಕ್ಕೆ ಬೇವಿನ ಮರದ ಕೆಳಗೆ ಸೇರಿಸಿದರು. ಅಲ್ಲಿ ಪಂಪಾಪತಿಗಳು ಸೊಗಸು, ಪರಂಪರೆ, ಕಲೆ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಸೂರ್ಯ ಏನೂ ಮಾಡಲಿಲ್ಲ.

“ಕುಮುದಮ್ಮ, ಹಳೇ ದೀಪ ಬಿಚ್ಚಿ ರಿಪೇರಿ ಮಾಡೋದು ನಿನ್ನ ಜವಾಬ್ದಾರಿ” ಎಂದರು. “ಪ್ರಾರಂಭೋತ್ಸವದ ದಿನ ಮೊದಲನೇ ದೀಪ ನಿನ್ನ ಮೇಲೇ ಹಾಕಿ ಶಾಲು ಹೊದಿಸ್ತೀವಿ. ಟೈಮು ಮಾತ್ರ ನೋಡ್ಕೊ. ಮೂರು ಅಂದ್ರೆ ಮೂರು.”

ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಡಲಾರೆ. ಉಗ್ರಾಣದ ಗೋಣಿ ಸರಿಸಿ ಮೊದಲನೇ ಡಬ್ಬದ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಅಲ್ಲೇ ಕೂತುಬಿಟ್ಟೆ. ಬೇರೆಯವರ ನೆನಪು ನಾಟಕವಿರಬಹುದು, ನನ್ನದಲ್ಲ. ಆದರೆ ಒಂದು ವಾರ ಚಕ್ರಗಳನ್ನು ತೊಳೆಯುತ್ತಾ ಇನ್ನೊಂದು ಸಂಗತಿ ಹೊಳೆಯಿತು. ಕನ್ನಡಿ ದೀಪ ಹತ್ತಿದ ದಿನದಿಂದ ಈ ಊರಿನಲ್ಲಿ ಯಾರೂ ಮೂರು ಸೆಕೆಂಡಿಗಿಂತ ಉದ್ದದ ನಿಜ ಹೇಳಲಾರರು. ಮೇಷ್ಟ್ರ ಹೆಸರು ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ. ಆಗ ಗೋಣು ದೀಪಗಳ ಕಡೆ ಓಡಿದೆ. ಸಮಿತಿಯವರು ನನಗಿಂತ ಚುರುಕು, ಅವುಗಳ ತಂತಿಯನ್ನು ಆಗಲೇ ಕತ್ತರಿಸಿದ್ದರು.

ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಸೈಕಲ್ಲಿನ ಡೈನಮೋ ಬಿಚ್ಚಿಕೊಂಡು ಕೂತಿದ್ದರು. ಈಗ ಅದೇ ಅವರ ಕಸುಬು.

“ಬಾರಮ್ಮ. ಕನ್ನಡಿ ಒರೆಸಿದೆಯಾ?”

“ಒರೆಸಿದೆ ಮೇಷ್ಟ್ರೇ. ಜನಕ್ಕೆ ಹಳೇ ದೀಪದ ಮೇಲೆ ಎಷ್ಟು ಪ್ರೀತಿ ನೋಡಿ.”

“ಅವ್ರಿಗೆ ಬೇಕಾಗಿರೋದು ದೀಪ ಅಲ್ಲ ಕಣಮ್ಮ” ಎಂದು ಅವರು ಡೈನಮೋದ ಚಕ್ರವನ್ನು ಬೆರಳಿನಿಂದ ತಿರುಗಿಸಿದರು. “ದೀಪ ಬಿಟ್ಟು ಹೋಗೋ ಗಳಿಗೆ ಬೇಕಾಗಿದೆ.”

“ಶನಿವಾರ ಬೆಳಿಗ್ಗೆ ಪ್ರಾರಂಭ. ನೀವು ಬರಬೇಕು.”

“ಬರ್ತೀನಿ. ಬೇವಿನ ಮರ ಇದೆಯಲ್ಲ, ನನ್ನ ಖಾಯಂ ಸೀಟು.”

“ಮೇಷ್ಟ್ರೇ, ಅವತ್ತು ಕನ್ನಡಿ ನಿಂತದ್ದು...”

“ಇಲ್ಲಿ ಹೇಳಿ ಏನು ಬಂತು? ಇದು ಜಗಲಿ” ಎಂದರು. ಒರಟಾಗಿ ಹೇಳಲಿಲ್ಲ. “ಆ ಸ್ಕ್ರೂಡ್ರೈವರ್ ಈ ಕಡೆ ಕೊಡು.”

ಕೊಟ್ಟೆ. ಮನೆಗೆ ಬಂದು ಯೋಚಿಸಿದೆ. ದೀಪ ಆಡಿಸುವ ಗುಂಡಿ ಪೆಟ್ಟಿಗೆಗೆ, ನನ್ನ ಮೇಲೆ ದೀಪ ನಿಲ್ಲುವ ಹೊತ್ತನ್ನು ಮೂವತ್ತು ಸೆಕೆಂಡು ಎಂದು ತುಂಬಿಬಿಡಬಹುದಿತ್ತು. ಆದರೆ ಸಮಯದ ಪಟ್ಟಿಯನ್ನು ಹಾಲೇಶಿ ಮೂರು ಸಲ ಓದಿ ರುಜು ಹಾಕಿದ್ದ; ರುಜು ಬಿದ್ದ ಪಟ್ಟಿಗೆ ಸುಳ್ಳು ತುಂಬುವುದು ನನ್ನಂಥವಳಿಂದ ಆಗುವ ಕೆಲಸವಲ್ಲ. ಎಣ್ಣೆಯ ಬಗ್ಗೆ ಪಟ್ಟಿಯಲ್ಲಿ ಏನೂ ಇರಲಿಲ್ಲ. ಶುಕ್ರವಾರ ಸಂಜೆ ಒಂದನೇ ನಂಬರಿನ ಕನ್ನಡಿಯನ್ನು ವೇದಿಕೆಯ ನಡುವೆ, ಮರುದಿನ ನಾನು ನಿಲ್ಲುವ ಜಾಗಕ್ಕೆ ಗುರಿಯಿಟ್ಟೆ. ಚೀಲದಿಂದ ಸೀಸೆ ತೆಗೆದೆ. ಉಸಿರು ಕಟ್ಟಿ ಕೀಲಿಗೆ ಹನಿ ಬಿಟ್ಟೆ. ಈ ಸಲ ಏಳು. ಆಮೇಲೆ, ಹೇಳಬೇಕಾದ ನಾಲ್ಕು ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡಿದೆ.

ಶನಿವಾರ ಬೆಳಿಗ್ಗೆ ಮಾತಾಡಿದರೆ ಬಾಯಿಂದ ಹೊಗೆ ಬರುವಷ್ಟು ಚಳಿ. ಭವನ ತುಂಬಿತ್ತು. ತೆರೆದ ಬಾಗಿಲಿನಾಚೆ ಬೇವಿನ ಬುಡದಲ್ಲಿ ಮಂಕಿ ಟೋಪಿ ಹಾಕಿಕೊಂಡ ಮೇಷ್ಟ್ರು. ಕಾರ್ಯಕ್ರಮವನ್ನೆಲ್ಲ ಗುಂಡಿ ಪೆಟ್ಟಿಗೆಯೊಳಗೆ ತುಂಬಿಸಿ ತಾನೇ ಓಡುವಂತೆ ಬಿಟ್ಟು ನಾನು ವೇದಿಕೆ ಹತ್ತಿದೆ. ಪಂಪಾಪತಿಗಳು ಶಾಲು ಹಿಡಿದು ಬಂದರು. ಅವರು ಒಂದು ಬದಿಗೆ ನಿಲ್ಲಬೇಕೆಂದು ಸುಣ್ಣದಲ್ಲಿ ಗುರುತು ಹಾಕಿದ್ದೆ. ಆದರೆ ಮೂವತ್ತು ವರ್ಷದಿಂದ ನಡುವೆ ನಿಂತ ಕಾಲು ಬದಿಗೆ ಹೋಗುವುದಿಲ್ಲ. ನನ್ನ ಪಕ್ಕಕ್ಕೇ ಒತ್ತಿಕೊಂಡು ನಿಂತು, ಫೋಟೋದವನ ಕಡೆ ನಕ್ಕರು. ದೀಪ ಇಬ್ಬರ ಮೇಲೂ ಬಿತ್ತು.

“ಹದಿನೇಳು ವರ್ಷದ ಹಿಂದೆ ಕನ್ನಡಿ ನಿಂತದ್ದು ನನ್ನಿಂದ” ಎಂದೆ. “ಕೀಲಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ, ಚಳಿಗೆ ಗಟ್ಟಿಯಾಯಿತು.” ಮೂರು ಸೆಕೆಂಡು ಕಳೆಯಿತು. ಮೇಲೆ ಟಿಕ್ ಎಂದಿತು, ಬೆಳಕು ಕದಲಲಿಲ್ಲ. “ಭರಮಣ್ಣ ಮೇಷ್ಟ್ರದ್ದು ಏನೂ ತಪ್ಪಿಲ್ಲ. ಇವತ್ತು ನಿಂತಿರುವುದೂ ನನ್ನಿಂದಲೇ, ಬೇಕೆಂದೇ.” ಚೀಟಿಯಲ್ಲಿ ಬರೆದದ್ದು ಇಷ್ಟೇ. ಆದರೆ ಬೆಳಕು ಇನ್ನೂ ಇತ್ತು. ನನ್ನ ಬಾಯಿ ಮುಂದುವರಿಯಿತು. “ಇಷ್ಟು ವರ್ಷ ಸುಮ್ಮನಿದ್ದದ್ದು ಹೆದರಿ ಅಂದುಕೊಂಡಿದ್ದೆ. ಹೆದರಿ ಅಲ್ಲ. ಅವರು ಹೋದರೆ ದೀಪ ನನ್ನ ಕೈಗೆ ಬರುತ್ತಿತ್ತು. ನನಗೆ ದೀಪ ಬೇಕಾಗಿತ್ತು.”

ಇದನ್ನು ನಾನು ಬರೆದುಕೊಂಡಿರಲಿಲ್ಲ. ಇದು ನನಗೆ ಗೊತ್ತೂ ಇರಲಿಲ್ಲ.

ಪಕ್ಕದಲ್ಲಿ ಪಂಪಾಪತಿಗಳು ತುಟಿ ಕಚ್ಚಿ ಹಿಡಿದಿದ್ದರು. ಆಗಲಿಲ್ಲ. “ಈ ಶಾಲು ನಮ್ಮ ಬೀಗರು ಕೊಟ್ಟಿದ್ದು, ಬಣ್ಣ ಹಿಡಿಸಲಿಲ್ಲ ಅಂತ ಇವಳಿಗೆ ತಂದೆ” ಎಂದರು. “ಸೊಗಸು ಗಿಗಸು ನಂಗೇನೂ ಗೊತ್ತಿಲ್ಲ. ಬೇಗ ಬಿಟ್ಟು ಹೋಗ್ತದಲ್ಲ, ಅದಕ್ಕೇ ಹಳೇ ದೀಪ ಬೇಕಾಗಿತ್ತು. ನಿಮಗೂ ಅದಕ್ಕೇ ಬೇಕಾಗಿತ್ತು. ಟ್ಯಾಂಕಿಗೆ ಇವತ್ತಿಗೂ ಪೈಪಿಲ್ಲ. ಏಣಿಗೆ ಮೂರನೇ ಸಲ ಬಣ್ಣ ನಡೀತಿದೆ. ಹಾಲೇಶಿ, ಬರೀಬೇಡ್ವೋ!” ಬರೀಬೇಡ್ವೋ ಎಂಬುದೂ ಬೆಳಕಿನಲ್ಲೇ ಆಡಿದ ಮಾತಾದ್ದರಿಂದ ಹಾಲೇಶಿ ಅದನ್ನೂ ಬರೆದುಕೊಂಡ. ನಲವತ್ತು ಸೆಕೆಂಡಿನ ಹೊತ್ತಿಗೆ ಎಣ್ಣೆ ಕರಗಿರಬೇಕು, ಕನ್ನಡಿ ಹೊರಳಿ ಗೋಡೆಯ ಮೇಲೆ ನಕ್ಷತ್ರಗಳು ಓಡಿದವು. ಜನ ರೂಢಿಯಂತೆ ಚಪ್ಪಾಳೆ ತಟ್ಟಿದರು.

ಪುಸ್ತಕಕ್ಕೆ ಏರಿದ್ದನ್ನು ಅಳಿಸುವಂತಿಲ್ಲ. ಸೋಮವಾರವೇ ಹಳೆಯ ತೀರ್ಮಾನ ತೆಗೆದು ತಿದ್ದಿದರು. ಹೊಸ ವಾಕ್ಯ ಬರೆಯುವ ಶ್ರಮ ಬೇಡವೆಂದು ಭರಮಣ್ಣನು ಎಂಬ ಕಡೆ ಹೊಡೆದುಹಾಕಿ ಕುಮುದಳು ಎಂದು ಮಾಡಿದರು. ಹತ್ತು ಮಾರು ಹಾಗೇ ಉಳಿಯಿತು. ಪಂಪಾಪತಿಗಳು ಮತ್ತೆ ಆರಿಸಿ ಬಂದರು. ಎರಡು ಸಲ ಒಂದೇ ನಿಜ ಹೇಳಿದ ಮನುಷ್ಯ ನಂಬಿಕಸ್ಥ ಎಂದು ಊರಿನ ಅಭಿಪ್ರಾಯ. ಕನ್ನಡಿ ದೀಪಗಳೂ ಉಳಿದವು. ಅವನ್ನು ಆಡಿಸಲು ನಾನು ಬಿಟ್ಟರೆ ಬರುತ್ತಿದ್ದವರು ಒಬ್ಬರೇ.

ಮೇಷ್ಟ್ರು ಬೀಗದ ಕೈ ತೆಗೆದುಕೊಳ್ಳಲು ಬಂದ ದಿನ ನಾನು ಮರದ ಬುಡದಲ್ಲಿ ನಿಂತಿದ್ದೆ. ನೇರ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ಬೆರಳು ಮೂಸಿಕೊಂಡು ಕೂಗಿದರು.

“ಎರಡನೇ ಸಲಾನೂ ಅದೇ ಎಣ್ಣೆನಾ? ಹೊಲಿಗೆ ಮಿಶಿನ್ ಎಣ್ಣೆ ಸಿಗಲಿಲ್ವೇನಮ್ಮ? ಹೊಲಿಗೆ ಅಂಗಡೀಲಿ ಇದ್ದೋಳು ನೀನು!”

“ನಿಮಗೆ ಅವತ್ತೇ ಗೊತ್ತಿತ್ತಾ ಮೇಷ್ಟ್ರೇ?”

“ಡಬ್ಬ ಕಾದ ಮೇಲೆ ಇಡೀ ಭವನ ಚಟ್ನಿ ಮಾಡಿದ ಹಾಗೆ ಘಮ ಅಂತಿತ್ತು. ನನಗೆ ಮೂಗಿಲ್ವಾ?” ಎಂದರು. ಬೆರಳನ್ನು ಪಂಚೆಗೆ ಒರೆಸಿಕೊಂಡರು. “ದೀಪ ಬೇಕಾಗಿತ್ತು ಅಂತ ಅಂದೆಯಲ್ಲ. ಅದು ಗೊತ್ತಿರಲಿಲ್ಲ.” ಒಳಗೆ ಹೋಗಿ ಬಾಗಿಲನ್ನು ಅರ್ಧ ಹಾಕಿಕೊಂಡರು.

ಈಗ ಮದುವೆಗಳಿದ್ದಾಗ ನಾನೂ ಬರುತ್ತೇನೆ, ಬೇವಿನ ಬುಡಕ್ಕೆ. ಬಾಗಿಲು ಅರ್ಧವೇ ತೆರೆದಿರುವುದರಿಂದ ನಕ್ಷತ್ರಗಳು ಕಾಣುವುದಿಲ್ಲ, ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಒಳಗೆ ಯಾರಾದರೂ ಒಪ್ಪಿಗೆ ಎಂದೊಡನೆ ಕಣ್ಣು ಮುಚ್ಚಿ ಎಣಿಸುತ್ತೇನೆ. ಒಂದು, ಎರಡು, ಮೂರು, ಟಿಕ್. ಒಂದು, ಎರಡು, ಮೂರು, ಟಿಕ್. ನನ್ನ ಎಣಿಕೆ ತಪ್ಪಿರಬಹುದು, ಚಳಿಯೂ ಇರುತ್ತದೆ. ಆದರೂ ಒಮ್ಮೊಮ್ಮೆ ಮೇಷ್ಟ್ರು ನಾಲ್ಕರ ತನಕ ಬಿಡುತ್ತಾರೆ.